ದೇವರಾಜ ಅರಸು ಬೆಳೆಸಿದವರೇ 1980ರಲ್ಲಿ ಅವರ ಕೈ ಬಿಟ್ಟಿದ್ದು ಯಾಕೆ?

ಹುಣಸೂರ್_ಹೈದ

ಆಗಸ್ಟ್ 20, ಮಾಜಿ ಮುಖ್ಯಮಂತ್ರಿ ದೇವರಾಜ ಅರಸು ಹುಟ್ಟಿದ ದಿನ ಬಂದ್ರೆ ಸಾಕು, ಎಲ್ಲಾ ಪಾರ್ಟಿಯವ್ರೂ ಅರಸು ಫೋಟೋಗೆ ಹಾರ ಹಾಕೋಕೆ ನಾ ಮುಂದು ತಾ ಮುಂದು ಅಂತಾರೆ. ಹಿಂದುಳಿದ ವರ್ಗಗಳ ಹರಿಕಾರ, ಉಳುವವನೇ ಭೂಮಿಯ ಒಡೆಯ ಅಂತ ಎರಡು ಬ್ಯಾನರು, ನಾಲ್ಕು ಭಾಷಣ, ಮುಗೀತು. ನಮ್ಮ ತಾಲ್ಲೂಕಿನವ್ರು ಅಂತ ನಮಗೂ ಹೆಮ್ಮೆನೇ, ಅವರೂರು ಕಲ್ಲಹಳ್ಳಿ ನಮಗೇನು ದೂರ ಅಲ್ಲ. ಆದ್ರೆ ನನ್ನ ತಲೆ ಕೊರೀತಿರೋ ಪ್ರಶ್ನೆಗೆ ಯಾವ ಭಾಷಣದಲ್ಲೂ ಉತ್ತರ ಸಿಕ್ಕಿಲ್ಲ.

1978ರ ಫೆಬ್ರವರಿ ಎಲೆಕ್ಷನ್‌ನಲ್ಲಿ 224ರಲ್ಲಿ 149 ಸೀಟು ಗೆದ್ದುಕೊಂಡು ಬಂದ ಮನುಷ್ಯ. ಉತ್ತರ ಭಾರತದಲ್ಲಿ ಇಂದಿರಾ ನೆಲಕಚ್ಚಿ ಕೂತಿದ್ದಾಗ ಅವರನ್ನ ಚಿಕ್ಕಮಗಳೂರಿಗೆ ಕರ್ಕೊಂಡು ಬಂದು 77 ಸಾವಿರ ವೋಟಲ್ಲಿ ಗೆಲ್ಲಿಸಿ ಪಾರ್ಲಿಮೆಂಟಿಗೆ ಕಳಿಸಿದ ಮನುಷ್ಯ. 1980ರ ಜನವರಿಗೆ ಅದೇ ಮನುಷ್ಯನ ಹಿಂದೆ ಸರ್ಕಾರ ಉಳಿಸಿಕೊಳ್ಳೋಷ್ಟು ಎಮ್ಮೆಲ್ಲೆಗಳೂ ಇರ್ಲಿಲ್ಲ. ಎರಡು ವರ್ಷ ಕೂಡ ಆಗಿರ್ಲಿಲ್ಲ ಸ್ವಾಮಿ. ಬಿಟ್ಟು ಹೋದವ್ರಲ್ಲಿ ಬಹಳ ಜನ ಇವರೇ ಟಿಕೆಟ್ ಕೊಟ್ಟು ಬೆನ್ನು ತಟ್ಟಿ ಮೇಲೆ ತಂದೋರು. ಕೇಳಿದ್ರೆ "ರಾಜಕೀಯ ಅಂದ್ರೆ ಹಂಗೇ" ಅಂತಾರೆ. ಅದು ಉತ್ತರ ಅಲ್ಲ. ಆ ಕಾಲ ನೋಡಿದೋರು, ಓದ್ಕೊಂಡೋರು ಇದ್ದೀರ, ಸ್ವಲ್ಪ ಬಿಡಿಸಿ ಹೇಳಿ.

ಹಳೇ_ಪೇಪರ್

ಇದನ್ನ 1969ರಿಂದ ಶುರು ಮಾಡ್ಬೇಕು ಸಾರ್. ಕಾಂಗ್ರೆಸ್ ಒಡೆದಾಗ ಇಲ್ಲಿನ ಕಾಂಗ್ರೆಸ್ ಅಂದ್ರೆ ನಿಜಲಿಂಗಪ್ಪನವರು, ಅವರೇ ಅಖಿಲ ಭಾರತ ಅಧ್ಯಕ್ಷರು, ಮುಖ್ಯಮಂತ್ರಿ ವೀರೇಂದ್ರ ಪಾಟೀಲರೂ ಅವರ ಕಡೆ. ಹೆಸರಿದ್ದ ಲೀಡರುಗಳು, ಊರೂರಲ್ಲಿ ಜಮೀನು ಜನಬಲ ಇದ್ದೋರು ಬಹುತೇಕ ಆ ಕಡೆಗೇ ಹೋದ್ರು. ಇಂದಿರಾ ಕಡೆ ನಿಂತವರು ಕಮ್ಮಿ, ಅದರಲ್ಲಿ ಅರಸು ಒಬ್ಬರು. ಹೊಸಬರೇನಲ್ಲ, 1941ರಲ್ಲೇ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆರಿಸಿ ಬಂದಿದ್ದೋರು, ಹುಣಸೂರಿಂದ ಎಮ್ಮೆಲ್ಲೆ, ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿ ಬೇರೆ ಆಗಿದ್ದೋರು. ಆದ್ರೆ ಜಾತಿ ಲೆಕ್ಕ ಹಾಕಿದ್ರೆ ಅವರ ಹಿಂದೆ ಯಾರೂ ಇಲ್ಲ, ಅರಸು ಜನಾಂಗ ಅಂದ್ರೆ ಮೈಸೂರು ಸುತ್ತಮುತ್ತ ಒಂದು ಹಿಡಿ ಜನ ಅಷ್ಟೇ.

1971ರ ಲೋಕಸಭೆಯಲ್ಲಿ ಇಂದಿರಾ ಕಾಂಗ್ರೆಸ್ಸು ರಾಜ್ಯದ 27ಕ್ಕೆ 27 ಬಾಚ್ಕೊಳ್ತು. 1972ರ ವಿಧಾನಸಭೇಲಿ 216ಕ್ಕೆ 165. ದೊಡ್ಡೋರೆಲ್ಲ ಆ ಕಡೆ ಹೋಗಿದ್ರಿಂದ ಈ ಕಡೆ ಟಿಕೆಟ್ ಹಂಚೋಕೆ ಜಾಗ ಖಾಲಿ ಇತ್ತಲ್ಲ, ಅದನ್ನ ಅರಸು ಚೆನ್ನಾಗಿ ಬಳಸ್ಕೊಂಡ್ರು. ಅಲ್ಲಿವರೆಗೆ ವಿಧಾನಸೌಧದ ಮೆಟ್ಟಿಲು ಹತ್ತಿದವರೇ ಇಲ್ಲದ ಎಷ್ಟೋ ಸಮುದಾಯಗಳಿಂದ ಜನರನ್ನ ಹುಡುಕಿ ನಿಲ್ಲಿಸಿದ್ರು. ಗುರುಮಿಠಕಲ್‌ನಿಂದ ಖರ್ಗೆ, ಜೇವರ್ಗಿಯಿಂದ ಧರ್ಮಸಿಂಗ್, ಕಾರ್ಕಳದಿಂದ ಮೊಯ್ಲಿ, ಸೋಮವಾರಪೇಟೆಯಿಂದ ಗುಂಡೂರಾವ್ ಎಲ್ಲಾ 1972ರ ಬ್ಯಾಚು. ಆ ಒಂದು ಬ್ಯಾಚಿಂದ ಮೂರು ಮುಖ್ಯಮಂತ್ರಿ, ಒಬ್ಬ ಎಐಸಿಸಿ ಅಧ್ಯಕ್ಷ ಬಂದ್ರು ಅಂದ್ರೆ ಕಣ್ಣು ಎಷ್ಟು ಚುರುಕಿತ್ತು ನೋಡಿ.

ಉಳಿದಿದ್ದು ಆಮೇಲೆ ಬರೀತೀನಿ, ಮೊದಲು ಭೂಮಿ ವಿಚಾರ ಯಾರಾದ್ರೂ ಹೇಳಿ. ಅದು ಗೊತ್ತಿಲ್ದೆ 1980 ಅರ್ಥ ಆಗಲ್ಲ.

ಕಡಲತಡಿ

ಭೂಮಿ ವಿಚಾರ ಆದ್ರೆ ನಾನು ಹೇಳ್ತೇನೆ. ನಮ್ಮ ದಕ್ಷಿಣ ಕನ್ನಡದಲ್ಲಿ ಅರಸು ಅಂದ್ರೆ ಡಿಕ್ಲರೇಶನ್ ಮಾರಾಯ್ರೆ. ಈಗಲೂ ಯಾರ ಜಾಗದ ಬಗ್ಗೆ ಕೇಳಿದ್ರೂ "ಅದು ಡಿಕ್ಲರೇಶನ್‌ನಲ್ಲಿ ಆದದ್ದು" ಅಂತಲೇ ಹೇಳುದು. ಫಾರಂ ನಂಬರ್ 7 ಅಂತ ಒಂದು ಅರ್ಜಿ. 1974 ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿ ಎಲ್ಲ ಸರ್ಕಾರಕ್ಕೆ ಸೇರಿತು, ನೀನು ಒಕ್ಕಲು ಅಂತ ಸಾಬೀತು ಮಾಡಿದ್ರೆ ನಿನ್ನ ಹೆಸರಿಗೆ ಬರ್ತದೆ, ವಿಷಯ ಇಷ್ಟೇ.

ನನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದ್ರೆ ಧಣಿ ಬೇಡ ಅಂದ್ರೆ ಬಿಡ್ಬೇಕಾದ ಗೇಣಿ. ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಮುಟ್ಟಿಸ್ಬೇಕು, ಹಬ್ಬಕ್ಕೆ ಬಾಳೆಗೊನೆ, ಸೌತೆಕಾಯಿ ಬೇರೆ. ಮಳೆ ಕೈ ಕೊಟ್ರೂ ಮುಡಿ ಲೆಕ್ಕ ಕಮ್ಮಿ ಆಗ್ಲಿಕ್ಕಿಲ್ಲ. ಅರ್ಜಿ ಕೊಡ್ಲಿಕ್ಕೆ ಅಜ್ಜನಿಗೆ ಭಯಂಕರ ಹೆದರಿಕೆ ಅಂತೆ, ಧಣಿಗಳ ಎದುರು ನಿಲ್ಲುದು ಹೇಗೆ ಅಂತ. ಅಜ್ಜಿಯೇ ಬೈದು ಹೆಬ್ಬೆಟ್ಟು ಒತ್ತಿಸಿದ್ದು.

ಅರ್ಜಿ ವಿಚಾರಣೆ ಮಾಡುವ ಟ್ರಿಬ್ಯುನಲ್‌ನಲ್ಲಿ ಅಸಿಸ್ಟೆಂಟ್ ಕಮಿಷನರ್ ನಡುವಲ್ಲಿ ಕೂತದ್ದು, ಅವರೇ ಅಧ್ಯಕ್ಷರು, ಆಚೆ ಈಚೆ ಸರ್ಕಾರ ನೇಮಕ ಮಾಡಿದ ನಾಲ್ಕು ಜನ ಮೆಂಬರು. ಆ ನಾಲ್ವರಲ್ಲಿ ಒಬ್ಬರಾದ್ರೂ ಪರಿಶಿಷ್ಟ ಜಾತಿ ಪಂಗಡದವರು ಇರ್ಬೇಕು ಅಂತ ಕಾನೂನಿನಲ್ಲೇ ಇತ್ತು. ವಕೀಲರಿಗೆ ಪ್ರವೇಶ ಇಲ್ಲ. ಇದು ದೊಡ್ಡ ವಿಷಯ ಗೊತ್ತುಂಟಾ, ಯಾಕಂದ್ರೆ ವಕೀಲರನ್ನ ಇಡುವ ತಾಕತ್ತು ಧಣಿಗಳಿಗೆ ಮಾತ್ರ ಇದ್ದದ್ದು. ಅಜ್ಜನ ಹತ್ರ ಗೇಣಿ ರಸೀದಿ ಒಂದೂ ಇಲ್ಲ, ಯಾರು ಕೊಡ್ತಾರೆ ರಸೀದಿ. ಮೆಂಬರುಗಳು ಕೇಳಿದ್ದು ಬೇರೆಯೇ. ಬೈಲು ಗದ್ದೆ ಎಷ್ಟು, ಮಜಲು ಎಷ್ಟು, ಬೆಟ್ಟು ಎಷ್ಟು, ನೀರು ಯಾವ ಕಡೆಯಿಂದ ಇಳಿಯುದು, ಪಡುಬದಿಯ ಕಟ್ಟಪುಣಿಯಲ್ಲಿ ಯಾವ ಮರ ಉಂಟು, ಆಚೆ ಗದ್ದೆ ಯಾರು ಮಾಡುದು. ಅಜ್ಜ ಕಣ್ಣು ಮುಚ್ಚಿ ಹೇಳಿದ್ರಂತೆ. ಸ್ವಂತ ಸಾಗುವಳಿ ಅಂತ ವಾದ ಮಾಡಿದ ಧಣಿಗಳ ಕಡೆಯವರಿಗೆ ನೀರು ಎಲ್ಲಿಂದ ಬರ್ತದೆ ಅಂತಲೇ ಗೊತ್ತಿಲ್ಲ! ಅಲ್ಲಿಗೆ ಕೇಸು ಮುಗಿದ ಹಾಗೆ.

ಈಗ ನಿಮ್ಮ ಪ್ರಶ್ನೆಗೆ ಬರ್ತೇನೆ. ಅಜ್ಜ ಸಾಯುವವರೆಗೆ ವೋಟು ಹಾಕಿದ್ದು ಇಂದಿರಾ ಗಾಂಧಿಯ ಪಾರ್ಟಿಗೆ. ಅವರ ಬಾಯಲ್ಲಿ ಅದು "ಇಂದಿರಮ್ಮ ಕೊಟ್ಟ ಭೂಮಿ". ಅರಸು ಹೆಸರು ಅಪ್ಪ ಹೇಳಿದ ಮೇಲೆ ನಮಗೆ ಗೊತ್ತಾದದ್ದು.

ಹುಣಸೂರ್_ಹೈದ

ಅಬ್ಬಾ ಕೊನೇ ಲೈನು!! ಭೂಮಿ ಕೊಟ್ಟಿದ್ದು ಇವರು, ಹೆಸರು ಅವರಿಗೆ.

ಅಗ್ರಹಾರದ_ಮನೆ

ಚೆನ್ನಾಗಿ ಬರೆದಿದೀರಿ, ಆದ್ರೆ ಗೇಣಿ ತಗೊಳ್ತಿದ್ದೋರೆಲ್ಲ ಧಣಿಗಳು ಅನ್ನೋ ಹಾಗೆ ಮಾತಾಡಬೇಡಿ. ನಮ್ಮ ದೊಡ್ಡಮ್ಮ ಚಿಕ್ಕ ವಯಸ್ಸಿಗೇ ಗಂಡನ್ನ ಕಳ್ಕೊಂಡೋರು, ಇದ್ದಿದ್ದು ತುಂಡು ಗದ್ದೆ, ಅದರ ಗೇಣಿ ಭತ್ತದಲ್ಲೇ ವರ್ಷ ದೂಡ್ತಿದ್ರು. ಅವರು ಉಳೋಕಾಗುತ್ತಾ? ಗದ್ದೆ ಹೋಯ್ತು, ಪರಿಹಾರ ಅಂತ ಬಂದಿದ್ದು ಯಾವ ಲೆಕ್ಕಕ್ಕೂ ಇಲ್ಲ, ಕೊನೆಗೆ ನಮ್ಮಪ್ಪನ ಮನೆಗೇ ಬಂದು ಸೇರ್ಕೊಂಡ್ರು. ಸೈನಿಕರಿಗೆ, ಹಡಗಿನ ಕೆಲಸದವರಿಗೆ ಗೇಣಿ ಕೊಡೋಕೆ ವಿನಾಯ್ತಿ ಇತ್ತು, ವಿಧವೆಯರಿಗೆ ಇರಲಿಲ್ಲ. ಇನ್ನು ನೂರಾರು ಎಕರೆ ಕಾಫಿ ತೋಟ ಇಟ್ಕೊಂಡೋರನ್ನ ಮುಟ್ಟಿದ್ರಾ? ಪ್ಲಾಂಟೇಶನ್ ಅಂತ ಹೇಳಿ ಕಾಫಿ, ಟೀ, ಏಲಕ್ಕಿ, ರಬ್ಬರ್ ಎಲ್ಲಾ ಕಾಯ್ದೆಯಿಂದ ಹೊರಗೇ ಇಟ್ರು. ಎರಡೆಕರೆ ಗದ್ದೆಯ ವಿಧವೆ ಜಮೀನ್ದಾರಿಣಿ, ಎಸ್ಟೇಟ್ ಸಾಹುಕಾರ ಮಾತ್ರ ಸೇಫು. ಇದನ್ನೂ ಬರೀರಿ.

ಮಲೆನಾಡ್_ಮಳೆ

@ಅಗ್ರಹಾರದ_ಮನೆ ನಿಮ್ಮ ದೊಡ್ಡಮ್ಮನ ವಿಚಾರದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ, ಕಾಫಿ ತೋಟದ ಮಾತೂ ನಿಜ. ಆದ್ರೆ ವಿನಾಯ್ತಿಗಳ ಹಳೇ ಕತೆ ಗೊತ್ತಲ್ಲ. 1961ರಲ್ಲೇ ಒಂದು ಭೂಸುಧಾರಣಾ ಕಾಯ್ದೆ ಮಾಡಿದ್ರು, ಜಾರಿಗೆ ಬಂದಿದ್ದು 1965ರಲ್ಲಿ, ಅದರಲ್ಲಿ ಮಾಲೀಕ "ನಾನೇ ಸಾಗುವಳಿ ಮಾಡ್ತೀನಿ" ಅಂತ ಹೇಳಿ ಒಕ್ಕಲನ್ನ ಬಿಡಿಸೋ ದಾರಿ ಇತ್ತು. ಆ ಸಂದಿಯಲ್ಲಿ ಎಷ್ಟು ಒಕ್ಕಲು ಮನೆಗಳು ಬೀದಿಗೆ ಬಿದ್ದವು ಅಂತ ನಮ್ಮ ಸಾಗರದ ಕಡೆ ಹಿರಿಯರನ್ನ ಕೇಳಿ. ಅರಸು ತಂದ 1974ರ ತಿದ್ದುಪಡಿ ಆ ಸಂದಿಯನ್ನೇ ಮುಚ್ಚಿದ್ದು.

ಇನ್ನೊಂದು, ಎಲ್ಲಾ ಕ್ರೆಡಿಟ್ಟು ಅರಸುಗೇ ಕೊಡಬೇಡಿ. 1951ರಲ್ಲಿ ಕಾಗೋಡು ಸತ್ಯಾಗ್ರಹ ಆಗಿದ್ದು ಒಂದು ಕೊಳಗದ ಅಳತೆ ಜಗಳದಿಂದ, ಗೇಣಿ ಅಳೆಯೋಕೆ ಒಡೆಯರು ಇಟ್ಕೊಂಡಿದ್ದ ಕೊಳಗ ದೊಡ್ಡದು ಅಂತ. ಗೇಣಿ ಮಾಡ್ತಿದ್ದ ದೀವರು ಉಳೋಕೆ ಅಂತ ನೇಗಿಲು ಹಿಡ್ಕೊಂಡು ಗದ್ದೆಗಿಳಿದು ಜೈಲಿಗೆ ಹೋದ್ರು, ಎಚ್. ಗಣಪತಿಯಪ್ಪನವರು ಸಂಘ ಕಟ್ಟಿದ್ರು, ಸಮಾಜವಾದಿ ಗೋಪಾಲಗೌಡ್ರು ಬಂದ್ರು, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆದ್ರು. ಶಾಂತವೇರಿ ಗೋಪಾಲಗೌಡ್ರು ಸದನದಲ್ಲಿ ವರ್ಷಗಟ್ಲೆ ಗಂಟಲು ಹರ್ಕೊಂಡು 1972ರಲ್ಲಿ ತೀರ್ಕೊಂಡ್ರು, ಕಾಯ್ದೆ ನೋಡೋಕೆ ಉಳೀಲಿಲ್ಲ. ಸಮಾಜವಾದಿಗಳು ಹದ ಮಾಡಿಟ್ಟ ಗದ್ದೆಗೆ ಅರಸು ಬಿತ್ತನೆ ಮಾಡಿದ್ರು ಅಂತ ನಾನು ಹೇಳೋದು. ಬಿತ್ತೋಕೂ ಧೈರ್ಯ ಬೇಕಿತ್ತು, ಇಲ್ಲ ಅನ್ನಲ್ಲ. ರಾಜ್ಯದಲ್ಲಿ ಸುಮಾರು 8 ಲಕ್ಷ ಅರ್ಜಿ ಬಿದ್ದವು, ಕೊನೇ ದಿನಾಂಕವನ್ನ 1979ರ ತನಕ ಎಳೆದೆಳೆದು ಮುಂದೆ ಹಾಕಿದ್ರು, ಹೆದರಿ ಕೂತಿದ್ದೋರೂ ಬರ್ಲಿ ಅಂತ.

ಬಯಲುಸೀಮಿ_ಬಿಸಲು

ನೀವೆಲ್ಲಾ ಕರಾವಳಿ ಮಲೆನಾಡು ಬಿಟ್ಟು ಈ ಕಡಿ ಬರಂಗಿಲ್ಲ ನೋಡ್ರಿ. ನಮ್ಮ ಕಡಿ ಕತಿ ಬ್ಯಾರೆ ಅದ. ಇಲ್ಲಿ ದೊಡ್ಡ ಜಮೀನಿನವರು ಗೇಣಿಗಿಂತ ಆಳು ಇಟ್ಟೇ ಬೇಸಾಯ ಮಾಡಿಸೋರು. ಆಳಾಗಿ ದುಡದಾವಗ ಫಾರಂ 7 ಎಲ್ಲಿಂದ ಬರ್ಬೇಕ್ರಿ? ಅಂವ ಒಕ್ಕಲೇ ಅಲ್ಲಲ್ಲ. ದಲಿತರು ಬಹಳ ಮಂದಿ ಕೂಲಿನೇ, ಅವರ ಪಾಲಿಗೆ ಬಂದದ್ದು ಭಾಳ ಕಡಿಮಿ. ಮಿತಿ ಅಂತ ಹಾಕಿದ್ರು, ಐದು ಮಂದಿ ಕುಟುಂಬಕ್ಕ ಹತ್ತು ಯೂನಿಟ್ಟು (ಭೂಮಿ ಗುಣ ನೋಡಿ ಹಾಕೋ ಲೆಕ್ಕ), ಒಣ ಭೂಮಿ ಆದ್ರ 54 ಎಕರೆ ತನಕ. ಅದಕ್ಕೂ ಮೊದ್ಲ ಮನ್ಯಾಗಿನ ಎಲ್ಲರ ಹೆಸರಿಗೆ, ಬೀಗರ ಹೆಸರಿಗೆ ಹಂಚಿ ಮುಗಿಸಿದ್ರು. ಮಿತಿ ಮೀರಿ ಸರ್ಕಾರಕ್ಕ ಸಿಕ್ಕಿದ್ದು ಎಲ್ಯದ ಅಂತ ಹುಡುಕ್ಬೇಕು.

ಹಂಗಂತ ಅರಸು ನಮ್ಮ ಕಡಿ ಏನೂ ಮಾಡಿಲ್ಲ ಅಂತಲ್ಲ. ಹಾವನೂರು ಆಯೋಗ ಅದ ಅಲ್ರಿ. 1972ಕ್ಕ ಮಾಡಿದ್ರು, ಎಲ್. ಜಿ. ಹಾವನೂರರು 1975ಕ್ಕ ವರದಿ ಕೊಟ್ರು. ಯಾರಿಗೆ ಮೀಸಲಾತಿ ಅನ್ನೋದನ್ನ ಹಳ್ಳಿ ಹಳ್ಳಿ ಅಡ್ಡಾಡಿ ಸರ್ವೆ ಮಾಡಿ ಬರದ ವರದಿ ಅದು. ಲಿಂಗಾಯತರನ್ನ ಪಟ್ಟಿಯಿಂದ ಹೊರಗಿಟ್ಟಿದ್ದಕ್ಕ ನಮ್ಮ ಕಡಿ ಎದ್ದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ. ಆದ್ರ ನಮ್ಮೂರ ಹಡಪದ, ಮಡಿವಾಳ, ಕುಂಬಾರ ಮನಿ ಹುಡುಗರು ಹಾಸ್ಟೆಲ್‌ನ್ಯಾಗ ಇದ್ದು ಓದಿ ನೌಕರಿ ಹಿಡದಿದ್ದು ಆಮ್ಯಾಲೇ. ಭೂಮಿ ಸಿಗದವರಿಗೆ ಹಾಸ್ಟೆಲ್ ಸಿಕ್ತು ಅನ್ನಬಹುದು.

ಇನ್ನ ಬಸವಲಿಂಗಪ್ಪನವರ ವಿಷಯ ಯಾರೂ ಎತ್ತವಲ್ರಿ. ತಲಿ ಮ್ಯಾಲೆ ಮಲ ಹೊರೋ ಪದ್ಧತಿ ನಿಲ್ಲಿಸಿದ ಮಂತ್ರಿ. 1973ಕ್ಕ ಕನ್ನಡ ಸಾಹಿತ್ಯದಾಗ ಬಹಳ ಬೂಸಾ ಅದ ಅಂತ ಅವರು ಅಂದಿದ್ದಕ್ಕ ಬೂಸಾ ಗಲಾಟಿ ಆದಾಗ ಅರಸು ಅವರ ಬೆನ್ನಿಗೆ ನಿಂತ್ರೇನು? ರಾಜೀನಾಮೆ ತಗೊಂಡ್ರು. ತಮ್ಮವರನ್ನ ಕೈ ಬಿಡೋ ಪಾಠ ಯಾರು ಯಾರಿಗೆ ಕಲಿಸಿದ್ರು ಅಂತ ಹುಣಸೂರಿನವರು ಒಂಚೂರು ವಿಚಾರ ಮಾಡ್ರಿ.

ಕಾಫಿಪುಡಿ_ಸ್ಟ್ರಾಂಗ್

ಎಲ್ಲರೂ ಎಮರ್ಜೆನ್ಸಿ ಮೇಲೆ ಹಾರ್ಕೊಂಡು ಹೋಗ್ತಿದೀರ. 1975ರಿಂದ 77ರವರೆಗೆ ಇಲ್ಲಿ ಮುಖ್ಯಮಂತ್ರಿ ಯಾರು? ಅಡ್ವಾಣಿ, ಮಧು ದಂಡವತೆ, ನಮ್ಮ ದೇವೇಗೌಡ್ರು ಎಲ್ಲಾ ಇದ್ದಿದ್ದು ಬೆಂಗಳೂರು ಸೆಂಟ್ರಲ್ ಜೈಲಲ್ಲಿ. ಅವರ ವಿಷಯ ಬಿಡಿ, ದೊಡ್ಡೋರು, ಬದುಕಿ ಬಂದ್ರು. ಜಾರ್ಜ್ ಫರ್ನಾಂಡಿಸ್ ಎಲ್ಲಿದ್ದಾರೆ ಹೇಳು ಅಂತ ತಮ್ಮ ಲಾರೆನ್ಸ್ ಅವರನ್ನ ಪೊಲೀಸರು ಹಿಡ್ಕೊಂಡು ಹೋಗಿ ಮೈ ಮುರಿಯೋ ಹಾಗೆ ಹೊಡೆದಿದ್ದು ಇದೇ ಬೆಂಗಳೂರಲ್ಲಿ. ನಟಿ ಸ್ನೇಹಲತಾ ರೆಡ್ಡಿ ಆಸ್ತಮಾ ಪೇಷೆಂಟು, ತಿಂಗಳುಗಟ್ಲೆ ಜೈಲಲ್ಲಿಟ್ಟು 1977ರ ಜನವರಿಯಲ್ಲಿ ಬಿಟ್ರು, ಬಿಟ್ಟ ಕೆಲವೇ ದಿನಕ್ಕೆ ಹೋಗ್ಬಿಟ್ರು. ಉತ್ತರದಷ್ಟು ಕ್ರೂರ ಇರ್ಲಿಲ್ಲ, ಬಲವಂತದ ಆಪರೇಷನ್ ಅಷ್ಟಾಗಿ ಇರ್ಲಿಲ್ಲ ಅನ್ನೋದೆಲ್ಲ ಸರಿ, ಆ ಎರಡು ಹೆಸರು ಮಾತ್ರ ಅರಸು ಲೆಕ್ಕದಿಂದ ಅಳಿಸೋಕಾಗಲ್ಲ.

ಅದರ ಮೇಲೆ ಗ್ರೋವರ್ ಆಯೋಗ. ಅರಸು ಮೇಲಿನ ಆರೋಪ ವಿಚಾರಿಸೋಕೆ 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಹಾಕಿದ್ದು, ಅದರ ವಿರುದ್ಧ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟ್ ತನಕ ಹೋಗಿ ಸೋತು ಬಂತು. ಸ್ವಜನಪಕ್ಷಪಾತದ ಕೆಲವು ಆರೋಪ ಸಾಬೀತು ಅಂತ ವರದಿ ಬಂತು. ರಾಜಕೀಯ ದ್ವೇಷ ಇರಬಹುದು, ಇಲ್ಲ ಅನ್ನಲ್ಲ, ಹಾಗಂತ ದೇವ್ರ ಪಟ ಮಾಡ್ಬೇಡಿ.

ಹುಣಸೂರ್_ಹೈದ

ದೇವ್ರ ಪಟ ಯಾರೂ ಮಾಡ್ತಿಲ್ಲ ಗುರು. ಆದ್ರೆ ಅದೇ 1977ರ ಮಾರ್ಚಲ್ಲಿ ಇಡೀ ಉತ್ತರ ಭಾರತ ಕಾಂಗ್ರೆಸ್ಸನ್ನ ಗುಡಿಸಿ ಹಾಕಿದಾಗ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿದ್ದು ಹೆಂಗೆ? ಭೂಮಿ ಸಿಕ್ಕ ಮನೆಗಳಿಗೆ ಎಮರ್ಜೆನ್ಸಿ ಲೆಕ್ಕಕ್ಕೇ ಬರ್ಲಿಲ್ಲ ಅನ್ಸುತ್ತೆ. @ಹಳೇ_ಪೇಪರ್ ಸಾರ್ 1979ಕ್ಕೆ ಬನ್ನಿ, ಕಾಯ್ತಿದೀನಿ.

ಹಳೇ_ಪೇಪರ್

ಬಂದೆ. ಊಟ ಆಯ್ತು ಈಗ ನಿಧಾನಕ್ಕೆ ಬರೀತೀನಿ.

ಚಿಕ್ಕಮಗಳೂರು ಗೆದ್ದಿದ್ದು 1978ರ ನವೆಂಬರಲ್ಲಿ. ಅಲ್ಲಿನ ಎಂಪಿ ಚಂದ್ರೇಗೌಡ್ರು ಸೀಟು ಬಿಟ್ಟುಕೊಟ್ರು, ಎದುರಿಗೆ ವೀರೇಂದ್ರ ಪಾಟೀಲರು. ಅದು ಅರಸು ರಾಜಕೀಯದ ತುತ್ತತುದಿ, ಜಾರಿದ್ದೂ ಅಲ್ಲಿಂದಲೇ. ಇಂದಿರಾಗೆ ತನ್ನ ಸ್ವಂತ ಬಲದ ಮೇಲೆ ನಿಂತ ಮುಖ್ಯಮಂತ್ರಿ ಬೇಕಾಗಿರ್ಲಿಲ್ಲ, ಅರಸುಗೆ ಸಂಜಯ್ ಗಾಂಧಿ ಮತ್ತೆ ತಲೆ ಎತ್ತೋದು ಬೇಕಾಗಿರ್ಲಿಲ್ಲ. ಮುಖ್ಯಮಂತ್ರಿ, ಕೆಪಿಸಿಸಿ ಅಧ್ಯಕ್ಷ ಎರಡೂ ಒಬ್ಬರೇ ಆಗಿರಬಾರದು ಅಂತ ಡೆಲ್ಲಿಯಿಂದ ಶುರುವಾಯ್ತು ಜಗಳ. ಬಂಗಾರಪ್ಪನವರನ್ನ ಅಧ್ಯಕ್ಷ ಮಾಡಿದ್ರು. ಜೂನ್ 1979ರಲ್ಲಿ ಅರಸುನ ಪಾರ್ಟಿಯಿಂದಲೇ ಹೊರಗೆ ಹಾಕಿದ್ರು.

ಇಲ್ಲೊಂದು ವಿಷಯ ಗಮನಿಸಿ, ಆಗ ಎಮ್ಮೆಲ್ಲೆಗಳು ಬಿಟ್ಟು ಹೋಗ್ಲಿಲ್ಲ. ಬಹುಮತ ಅರಸು ಜೊತೇನೇ ಇತ್ತು, ಸರ್ಕಾರ ನಡೀತು, ಅವರ ಹೆಸರಲ್ಲೇ ಕಾಂಗ್ರೆಸ್ (ಯು) ಅಂತ ಆಯ್ತು, ದೇಶ ಮಟ್ಟದಲ್ಲಿ ಚವಾಣ್, ಶರದ್ ಪವಾರ್, ಆಂಟನಿ ಅಂಥೋರು ಆ ಕಡೆ ಇದ್ರು. ಬಿಟ್ಟು ಹೋಗಿದ್ದು 1980ರ ಜನವರಿ ಲೋಕಸಭೆ ರಿಸಲ್ಟ್ ಬಂದಾಗ. 28ರಲ್ಲಿ 27 ಇಂದಿರಾ ಕಾಂಗ್ರೆಸ್ಸಿಗೆ, ಒಂದು ಜನತಾಗೆ, ಅರಸು ಕಾಂಗ್ರೆಸ್ಸಿಗೆ ಸೊನ್ನೆ. ರಿಸಲ್ಟ್ ಕಡೆ ನೋಡ್ಕೊಂಡೇ ಸಾಲು ಸಾಲು ಎದ್ದು ಹೋದ್ರು, ಅರಸು ರಾಜೀನಾಮೆ ಕೊಟ್ರು, ಅವರದೇ ಸಂಪುಟದಲ್ಲಿದ್ದ ಗುಂಡೂರಾವ್ ಮುಖ್ಯಮಂತ್ರಿ.

ಯಾಕೆ ಅಂದ್ರೆ ನನ್ನ ಲೆಕ್ಕ ಹೀಗಿದೆ. ಅರಸು ಬೆಳೆಸಿದ ಹುಡುಗರ ಹಿಂದೆ ಮಠ ಇಲ್ಲ, ನೂರೆಕರೆ ಜಮೀನಿಲ್ಲ, ಸಹಕಾರಿ ಬ್ಯಾಂಕು, ಎಜುಕೇಶನ್ ಸೊಸೈಟಿ ಏನೂ ಇಲ್ಲ. ದೊಡ್ಡ ಜಾತಿ ಲೀಡರು ಹತ್ತು ವರ್ಷ ವಿರೋಧ ಪಕ್ಷದಲ್ಲಿ ಕೂತ್ರೂ ಊರಲ್ಲಿ ಅವನ ದರ್ಬಾರ್ ನಡೀತಾನೇ ಇರುತ್ತೆ. ಈ ಹುಡುಗರ ಹತ್ರ ಇದ್ದಿದ್ದು ಅಧಿಕಾರ ಒಂದೇ, ಅದು ಹೋದ್ರೆ ಮಾರನೇ ದಿನ ಪೊಲೀಸ್ ಸ್ಟೇಷನ್ನಲ್ಲಿ ಕುರ್ಚಿ ಕೊಡೋರಿಲ್ಲ. ಅಂಥವರು ಗೆಲ್ಲೋ ಕಡೆ ಹೋಗದೆ ಇರೋಕೆ ಸಾಧ್ಯಾನೇ ಇರ್ಲಿಲ್ಲ. ಕೃತಘ್ನರು ಅಂತ ಬೈಯೋದು ಸುಲಭ. ಅರಸು ಅವರಿಗೆ ಸೀಟು ಕೊಟ್ರು, ಸೀಟಿಲ್ಲದಾಗ ನಿಂತ್ಕೊಳ್ಳೋಕೆ ನೆಲ ಕೊಡೋಕಾಗ್ಲಿಲ್ಲ. ಪಾರ್ಟಿ ಸಂಘಟನೆ ಅಂತ ಏನೂ ಕಟ್ಟಿರ್ಲಿಲ್ಲ, ಎಲ್ಲಾ ಅವರ ರೂಮು, ಅವರ ಪೈಪಿನ ಹೊಗೆ, ಅವರು ಒಬ್ಬೊಬ್ಬರ ಹೆಸರು ಹಿಡಿದು ಮಾತಾಡೋ ರೀತಿ, ಅದರ ಮೇಲೇ ನಡೀತಿತ್ತು.

ಕಡಲತಡಿ

ಇದು ಅರ್ಧ ಸರಿ. ಎಮ್ಮೆಲ್ಲೆಗಳು ಹೋದದ್ದಕ್ಕೆ ನಿಮ್ಮ ಕಾರಣ ಸಾಕು, ಆದ್ರೆ ವೋಟರು ಹೋದದ್ದಕ್ಕೆ ಸಾಕಾಗುದಿಲ್ಲ. ಡಿಕ್ಲರೇಶನ್ ಕೊಟ್ಟವರು ಸೊನ್ನೆ ಸೀಟು ಯಾಕೆ ಕೊಟ್ಟದ್ದು? ನನ್ನ ಅಭಿಪ್ರಾಯದಲ್ಲಿ ಅದು ಅರಸು ಸ್ವತಃ ಮಾಡಿಕೊಂಡದ್ದು. ಏಳು ವರ್ಷ ಎಲ್ಲವನ್ನೂ ಇಂದಿರಾ ಹೆಸರಲ್ಲೇ ಮಾಡಿದ್ರು. ಗರೀಬಿ ಹಟಾವೋ, 20 ಅಂಶದ ಕಾರ್ಯಕ್ರಮ, ಪೋಸ್ಟರಲ್ಲಿ ಇಂದಿರಾ ಮುಖ. ಆಗ ಅದು ಅವರಿಗೂ ಬೇಕಿತ್ತು, ಸಣ್ಣ ಜಾತಿಯ ಮುಖ್ಯಮಂತ್ರಿಗೆ ಮೇಲಿಂದ ಒಂದು ಕೊಡೆ ಬೇಕಲ್ಲ. ಕೊಡೆ ಮಡಚಿದ ಮೇಲೆ "ಭೂಮಿ ಕೊಟ್ಟದ್ದು ನಾನು" ಅಂತ ಹೇಳ್ಲಿಕ್ಕೆ ಅವರ ಹತ್ರ ಇದ್ದದ್ದು ಆರು ತಿಂಗಳು ಅಷ್ಟೇ. ಹಳ್ಳಿಯ ಮುದುಕನಿಗೆ ಕೈ ಗುರುತು ಎಲ್ಲುಂಟೋ ಇಂದಿರಾ ಅಲ್ಲುಂಟು, ಅಷ್ಟೇ.

ಮಲೆನಾಡ್_ಮಳೆ

ಬಂಗಾರಪ್ಪನವರ ಕತೆ ಸೇರಿಸಿದ್ರೆ ಇನ್ನೂ ಮಜಾ ಇದೆ. ಅರಸು ಜಾಗಕ್ಕೆ ಅಧ್ಯಕ್ಷರಾಗಿ ಹೋದೋರು, ಮುಖ್ಯಮಂತ್ರಿ ಆಗ್ತೀನಿ ಅಂತ ಕಾಯ್ತಿದ್ದೋರು, ಕುರ್ಚಿ ಗುಂಡೂರಾವ್‌ಗೆ ಹೋಯ್ತು. ಕೊನೆಗೆ ಬಂದು ಸೇರಿದ್ದು ಅರಸು ಕಟ್ಟಿದ ಕ್ರಾಂತಿರಂಗಕ್ಕೇ! 1982ರ ಜೂನ್ 6ಕ್ಕೆ ಅರಸು ತೀರ್ಕೊಂಡ್ರು. 1983ರ ಜನವರಿಯಲ್ಲಿ ಜನತಾ ಮತ್ತು ಕ್ರಾಂತಿರಂಗ ಸೇರಿ ಕಾಂಗ್ರೆಸ್ಸನ್ನ ಕರ್ನಾಟಕದಲ್ಲಿ ಮೊದಲ ಸಲ ಕೆಳಗಿಳಿಸಿದ್ರು, ರಾಮಕೃಷ್ಣ ಹೆಗಡೆ ಬಂದ್ರು. ಏಳು ತಿಂಗಳು ಬದುಕಿದ್ರೆ ಅದನ್ನ ನೋಡ್ತಿದ್ರು ಮನುಷ್ಯ.

ಐಟಿ_ಕೂಲಿ

ಭೂಮಿ ಜಾತಿ ಮಧ್ಯೆ ಒಂದು ಸಣ್ಣ ಆ್ಯಡ್: ಕಿಯೋನಿಕ್ಸ್ (ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ) ಶುರು ಆಗಿದ್ದು 1976ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ ಜಾಗ ಮಾಡಿದ್ದು ಅದಾದ ಮೇಲೆ, ಎರಡೂ ಅರಸು ಕಾಲ. ಕಿಯೋನಿಕ್ಸ್ ಮುಖ್ಯಸ್ಥ ಆರ್. ಕೆ. ಬಾಳಿಗ ಅವರ ಕನಸು ಅದು, ಅರಸು ಅಡ್ಡ ಬರ್ಲಿಲ್ಲ. ಸಿಲ್ಕ್ ಬೋರ್ಡಲ್ಲಿ ನಿಂತಾಗ ಇದನ್ನ ನೆನೆಸ್ಕೊಂಡ್ರೆ ಟ್ರಾಫಿಕ್ ಏನೂ ಕಮ್ಮಿ ಆಗಲ್ಲ ಬಿಡಿ.

ಮತ್ತೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಬಗ್ಗೆ ಯಾರೂ ಹೇಳಿಲ್ವಲ್ಲ? ಕೃಷಿಕ ಅಲ್ಲದೋರು ಕೃಷಿ ಜಮೀನು ತಗೋಬಾರದು, ಬೇರೆ ಕಡೆಯಿಂದ ಇಷ್ಟಕ್ಕಿಂತ ಜಾಸ್ತಿ ವರಮಾನ ಇದ್ರೆ ತಗೋಬಾರದು ಅನ್ನೋ ಸೆಕ್ಷನ್ನುಗಳು. 2020ರಲ್ಲಿ ಯಡಿಯೂರಪ್ಪ ಸರ್ಕಾರ ತೆಗೆದು ಹಾಕ್ತು. ಅದೇ ಜನ ಆಗಸ್ಟ್ 20ಕ್ಕೆ ಹಾರ ಹಾಕ್ತಾರೆ. ನಾನು ಒಂದು ತುಂಡು ಜಮೀನು ತಗೋಬೇಕು ಅಂತ ನೋಡ್ತಿದೀನಿ ಅದು ಬೇರೆ ವಿಷಯ, ಬೈಬೇಡಿ.

ಬಯಲುಸೀಮಿ_ಬಿಸಲು

ಬೈಯಂಗಿಲ್ಲ, ನಮ್ಮ ಕಡಿ ಬರ್ರಿ, ಸೋವಿ ಸಿಗ್ತದ 😀 ತಿದ್ದುಪಡಿ ಬರೋಕಿಂತ ಮೊದ್ಲೂ ಸುಳ್ಳು ಕೃಷಿಕ ಸರ್ಟಿಫಿಕೇಟ್ ಮಾಡಿಸಿ ತಗೋಳೋರು ತಗೋತಿದ್ರು. ಕಾಯ್ದೆ ಮಾಡಿದ್ರ ಸಾಕಾಗಂಗಿಲ್ಲ, ಟ್ರಿಬ್ಯುನಲ್‌ನ್ಯಾಗ ಕುಂತು ಕೇಳೋ ನಾಕು ಮಂದಿ ಬೇಕು. ಕರಾವಳಿಯವರಿಗೆ ಆ ನಾಕು ಮಂದಿ ಸಿಕ್ರು, ಹಿಂದ ಒಕ್ಕಲಿನವರ ಸಂಘಟನೆನೂ ಇತ್ತು. ನಮಗ ಎರಡೂ ಇರ್ಲಿಲ್ಲ.

ಕೆರೆ_ಏರಿ

ನಡುವೆ ಬರ್ತಿರೋದಕ್ಕೆ ಸಾರಿ. ನಮ್ಮ ತಾತಂಗೂ ಫಾರಂ 7ರಲ್ಲಿ ಜಮೀನು ಆಗಿದೆ ಅಂತ ಮನೇಲಿ ಹೇಳ್ತಾರೆ, ಈಗ ಚಿಕ್ಕಪ್ಪಂದಿರ ಜೊತೆ ಭಾಗದ ವಿಚಾರಕ್ಕೆ ಆರ್ಡರ್ ಕಾಪಿ ಬೇಕು. ಎಲ್ಲಿ ಸಿಗುತ್ತೆ?

ಹಳೇ_ಪೇಪರ್

ತಾಲ್ಲೂಕು ಆಫೀಸ್ ರೆಕಾರ್ಡ್ ರೂಮಲ್ಲಿ ಕೇಳಿ, ಭೂ ನ್ಯಾಯಮಂಡಳಿ ಕಡತ ಅಂತ. ಕೇಸ್ ನಂಬರ್ ಗೊತ್ತಿಲ್ಲ ಅಂದ್ರೆ ಮೊದಲು ಹಳೇ ಪಹಣಿ, ಮ್ಯುಟೇಶನ್ ತೆಗೆಸಿ, ಅದರಲ್ಲಿ ಮಂಡಳಿ ಆದೇಶದ ನಂಬರ್ರೂ ತಾರೀಖೂ ಬರೆದಿರ್ತಾರೆ. ಅದಿಟ್ಕೊಂಡು ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಆರ್ಡರ್ ಜೊತೆ ಫಾರಂ 10 ಕೂಡ ಕೇಳಿ, ಅಧಿಭೋಗದಾರ ಅಂತ ಕೊಟ್ಟ ಸರ್ಟಿಫಿಕೇಟ್ ಅದು. ಕಡತ ಸಿಗ್ತಿಲ್ಲ ಅಂದ್ರೆ ಬಾಯಿ ಮಾತಿಗೆ ವಾಪಸ್ ಬರಬೇಡಿ, ಲಭ್ಯವಿಲ್ಲ ಅಂತ ಹಿಂಬರಹ ಬರೆಸ್ಕೊಳ್ಳಿ. ಇನ್ನೊಂದು, ಹೆಸರು ತಾತಂದಲ್ಲ ಅವರಣ್ಣಂದು ಇರೋ ಚಾನ್ಸೂ ಇದೆ, ಕೂಡು ಕುಟುಂಬ ಆದ್ರೆ ಮನೆ ಹಿರಿಯರ ಹೆಸರಲ್ಲೇ ಅರ್ಜಿ ಹಾಕ್ತಿದ್ದಿದ್ದು, ಹುಡುಕುವಾಗ ಆ ಹೆಸರೂ ಕೊಟ್ಟು ನೋಡಿ.